ಅಳಿಯನ ಮನೆಯ ಗಂಟು

ದೇವರಾಯಸಮುದ್ರದ ಕೆರೆ ದಾಟಿ ಬಂದರೆ ನಾಮಾಲಗುಟ್ಟ ಅನ್ನುವ ಬೆಟ್ಟ ಸಿಗುತ್ತದೆ. ಗುಟ್ಟದ ಮೇಲೆ ವೆಂಕಟರಮಣಸ್ವಾಮಿ, ಬುಡದಲ್ಲಿ ಹುಣಸೆ ತೋಪು, ತೋಪಿನ ಅಂಚಿಗೆ ಮೆಟ್ಟಿಲು ಶುರುವಾಗುವ ಕಡೆ ನನ್ನ ಅಂಗಡಿ. ಅಂಗಡಿ ಅಂದರೆ ದೊಡ್ಡದಾಗಿ ಯೋಚಿಸಬೇಡಿ. ನಾಲ್ಕು ಗೂಟ, ಮೇಲೆ ತೆಂಗಿನ ಗರಿ, ಕೆಳಗೆ ನಾನು. ಕಾಯಿ, ಕರ್ಪೂರ, ಮಣ್ಣಿನ ಕುಡಿಕೆಯಲ್ಲಿ ಮಜ್ಜಿಗೆ ಮಾರುತ್ತಿದ್ದೆ. ಹೆಸರು ಅನಸೂಯಮ್ಮ. ತೋಪಿಗೆ ಬರುವವರು ಮಾತ್ರ ಬಾಯಿಬಡುಕಿ ಅನಸೂಯಮ್ಮ ಅಂತಲೇ ಗುರುತು ಹೇಳುತ್ತಿದ್ದರು. ಅದರಲ್ಲಿ ಸುಳ್ಳೇನೂ ಇಲ್ಲ, ಕಂಡದ್ದನ್ನು ಕಂಡ ಹಾಗೆ ಅಂದುಬಿಡುವುದು ನನ್ನ ಹುಟ್ಟುಗುಣ. ಆಯುಷ್ಯದಲ್ಲಿ ಒಂದೇ ಒಂದು ಸಲ ಕಂಡದ್ದನ್ನು ನುಂಗಿಕೊಂಡೆ. ಅದನ್ನೇ ಈಗ ಹೇಳುತ್ತಿರುವುದು.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಹಿಂದಿನ ವರ್ಷದ ಶ್ರಾವಣ. ಶ್ರಾವಣ ಶನಿವಾರ ಬಂತೆಂದರೆ ಮುಳಬಾಗಿಲು, ಶ್ರೀನಿವಾಸಪುರ, ಕೋಲಾರ, ಅತ್ತ ಮಾಲೂರಿನ ತನಕದ ಜನ ಗುಟ್ಟಕ್ಕೆ ಬರುತ್ತಿದ್ದರು. ಎತ್ತಿನ ಗಾಡಿ, ಜಟಕಾ, ಅಪರೂಪಕ್ಕೆ ಒಂದೊಂದು ಮೋಟಾರು ಕಾರು, ಎಲ್ಲವೂ ತೋಪಿನ ನೆರಳಿನಲ್ಲಿ ನಿಲ್ಲುತ್ತಿದ್ದವು. ಗಾಡಿಯಲ್ಲಿ ಬುತ್ತಿ, ಹಾಸಿಗೆ, ಪಾತ್ರೆ, ಮಕ್ಕಳ ಬಟ್ಟೆ. ಅಷ್ಟನ್ನೂ ಹೊತ್ತು ಮೆಟ್ಟಿಲು ಹತ್ತುವುದಕ್ಕಾಗುತ್ತದೆಯೇ? ಬಿಟ್ಟು ಹತ್ತುತ್ತಿದ್ದರು. ಮೇಲೆ ಸ್ವಾಮಿಯ ಮುಂದೆ ಕಣ್ಣು ಮುಚ್ಚಿ ನಿಂತರೂ ಮನಸ್ಸು ಕೆಳಗೆ ಗಾಡಿಯಲ್ಲೇ.

ಮೊದಲೆಲ್ಲ ಆ ಗಾಡಿಗಳನ್ನು ನೋಡಿಕೊಳ್ಳುತ್ತಿದ್ದವನು ನಮ್ಮೂರ ತಳವಾರ ಪೆದ್ದಪ್ಪ. ಅವನ ಅಪ್ಪನೂ ಅದೇ ಕೆಲಸ ಮಾಡಿದವನು. ಹತ್ತುವವರು "ಪೆದ್ದಪ್ಪಾ, ಒಂಚೂರು ನೋಡ್ಕೊಳಪ್ಪಾ" ಅಂತ ಹೇಳಿ ಹತ್ತುವುದು, ಇಳಿದ ಮೇಲೆ ಒಂದು ಹೋಳು ಕಾಯಿ, ಒಂದು ಹಿಡಿ ಪ್ರಸಾದ ಅವನ ಕೈಗೆ ಕೊಡುವುದು. ಅವನು ಕಾವಲು ಕೋಲನ್ನು ತೊಡೆಯ ಮೇಲೆ ಅಡ್ಡ ಹಾಕಿಕೊಂಡು ತೋಪಿಗೆ ತಾನೇ ಪಾಳೇಗಾರ ಅನ್ನುವ ಹಾಗೆ ಕೂರುತ್ತಿದ್ದ.

ಆಮೇಲೆ ಅಜ್ಮತುಲ್ಲಾ ಬಂದ. ಮುಳಬಾಗಿಲಿನವನು, ಜಟಕಾ ಓಡಿಸುವವನು. ಅಲ್ಲಿ ಜಟಕಾಗಳು ಜಾಸ್ತಿಯಾಗಿ ಹೊಟ್ಟೆಪಾಡು ಕಷ್ಟ ಅಂತ ಸಂಸಾರ ಸಮೇತ ನಮ್ಮೂರಿಗೆ ಬಂದು ತೋಪಿನಲ್ಲಿ ನಿಂತ. ಅವನ ಹೆಂಡತಿ ಬದ್ರುನ್ನೀಸಾ ನನ್ನ ಹತ್ತಿರ ಮಜ್ಜಿಗೆಗೆ ಬಂದು ಅರ್ಧ ಹೊತ್ತು ಮಾತಾಡಿ ಹೋಗುವವಳು, ಒಳ್ಳೆಯ ಹೆಂಗಸು. ಅಜ್ಮತುಲ್ಲಾ ಹೇಗೂ ಬಾಡಿಗೆಗೆ ಕಾಯುತ್ತಾ ಕೂತಿರುತ್ತಿದ್ದ. ಕೇಳಿದವರಿಗೆಲ್ಲ ಹೂಂ ಅನ್ನುತ್ತಿದ್ದ. ಬಿಚ್ಚಿದ ಎತ್ತಿಗೆ ಹುಲ್ಲು ಹಾಕುವನು, ಬಿಸಿಲು ತಿರುಗಿದರೆ ಗಾಡಿಯನ್ನು ನೆರಳಿಗೆ ತಳ್ಳುವನು. ಜನಕ್ಕೆ ಇನ್ನೇನು ಬೇಕು? ಬರಬರುತ್ತಾ ಎಲ್ಲರೂ "ಅಜ್ಮತಣ್ಣಾ, ನೋಡ್ಕೋ" ಅನ್ನತೊಡಗಿದರು. ಪೆದ್ದಪ್ಪನ ಕೋಲು ತೊಡೆಯ ಮೇಲೆ ಇದ್ದ ಹಾಗೇ ಇತ್ತು, ಅವನನ್ನು ಕೇಳುವವರು ಮಾತ್ರ ಇರಲಿಲ್ಲ. ಅದನ್ನು ನಾನು ಆಗಲೇ ಗಮನಿಸಬೇಕಿತ್ತು. ಗಮನಿಸಲಿಲ್ಲ, ಕಾಯಿ ಒಡೆಯುವುದರಲ್ಲಿದ್ದೆ.

ಆ ಶ್ರಾವಣದ ಮೊದಲ ಶನಿವಾರವೇ ಕಳ್ಳತನ ಶುರುವಾಯಿತು. ಒಂದು ಗಾಡಿಯಿಂದ ಕಂಬಳಿ ಹೋಯಿತು. ಮುಂದಿನ ವಾರ ಇನ್ನೊಂದರಿಂದ ಹಿತ್ತಾಳೆ ಬಿಂದಿಗೆ. ಅಜ್ಮತುಲ್ಲಾ ಬಾಡಿಗೆಗೆ ಹೋದಾಗಲೋ, ಕುದುರೆಗೆ ನೀರು ಕುಡಿಸಲು ಕೆರೆಗೆ ಹೋದಾಗಲೋ ಇದು ಆಗುತ್ತಿತ್ತು. ಜನ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಸಾಬಿ ಬಂದ ಮೇಲೆ ತಾನೇ ಇದೆಲ್ಲ ಅಂತ ಒಬ್ಬರು ಅಂದರೆ ಸಾಕು, ಹತ್ತು ತಲೆ ಅಲ್ಲಾಡುತ್ತಿದ್ದವು.

ಮೂರನೆಯ ಶನಿವಾರ ಕೋಲಾರದ ಮಂಡಿ ವ್ಯಾಪಾರಿ ವೆಂಕಟರಾಯಪ್ಪನವರು ತಮ್ಮ ಕಾರನ್ನು ತಾವೇ ಓಡಿಸಿಕೊಂಡು ಬಂದರು. ಬಟ್ಟೆಯ ಟಾಪಿನ ಕಾರು, ಎರಡು ಪಕ್ಕಕ್ಕೂ ಗುಂಡಿ ಹಾಕಿ ಬಿಗಿಯುವ ಪರದೆ. ಜೊತೆಗೆ ಹೆಂಡತಿ ಆದಿಲಕ್ಷ್ಮಮ್ಮ, ಸೊಂಟದ ಮೇಲೆ ಮಗು. ಮಗುವಿಗೆ ಸಿಡುಬು ಬಂದು ಬದುಕಿತ್ತು. ಮುಖದ ಮೇಲೆ ಇನ್ನೂ ಕಲೆಗಳು ಹಸಿಯಾಗಿದ್ದವು. ಉಳಿದರೆ ಸಾಕು ತಂದೊಪ್ಪಿಸುತ್ತೇನೆ ಅಂತ ಆಕೆ ಸ್ವಾಮಿಗೆ ಹರಕೆ ಹೊತ್ತು, ಅರಿಸಿನದ ಬಟ್ಟೆಯಲ್ಲಿ ಕಾಸು ಕಟ್ಟಿ, ಮಗುವಿನದೇ ಉಡಿದಾರ ಬಿಚ್ಚಿ ಅದರ ಬಾಯಿ ಬಿಗಿದು ಮುಡುಪು ಇಟ್ಟಿದ್ದಳು. ಇದನ್ನೆಲ್ಲ ನನ್ನ ಅಂಗಡಿಯಲ್ಲಿ ಕಾಯಿ ಕೊಳ್ಳುವಾಗ ಅವಳೇ ಹೇಳಿದಳು. ಹೇಳುತ್ತಾ ಹೇಳುತ್ತಾ ಕಣ್ಣೊರೆಸಿಕೊಂಡಳು.

ಅಷ್ಟು ಹೇಳಿದವಳು ಮಗುವನ್ನು ಎತ್ತಿಕೊಳ್ಳುವ ಗಡಿಬಿಡಿಯಲ್ಲಿ ಮುಡುಪನ್ನೇ ಕಾರಿನಲ್ಲಿ ಮರೆತು ಹತ್ತಿಬಿಟ್ಟಿದ್ದಳು. ಅರ್ಧ ಮೆಟ್ಟಿಲಿನಲ್ಲಿ ನೆನಪಾಗಿ ಗಂಡನನ್ನು ಕೆಳಕ್ಕೆ ಓಡಿಸಿದಳು. ಅವರು ಬಂದು ನೋಡಿದರೆ ಪರದೆಯನ್ನು ಯಾರೋ ಮೇಲಿಂದ ಕೆಳಗೆ ಚೂರಿಯಿಂದ ಸೀಳಿದ್ದರು. ಬೆತ್ತದ ಪೆಟ್ಟಿಗೆ ಇಲ್ಲ. ಅದರಲ್ಲಿ ರೇಷ್ಮೆ ಸೀರೆ, ಬೆಳ್ಳಿ ದೀಪ, ಸೀರೆಯ ಮಡಿಕೆಯಲ್ಲಿ ಮುಡುಪು.

ಅಜ್ಮತುಲ್ಲಾ ಆ ಹೊತ್ತಿಗೆ ನೀರು ಕುಡಿಸಿದ ಕುದುರೆಯನ್ನು ಹಿಡಿದುಕೊಂಡು ಕೆರೆಯ ಕಡೆಯಿಂದ ಬರುತ್ತಿದ್ದ. ಜನ ಅವನ ಮೈಮೇಲೆ ಬಿದ್ದರು. ನಮ್ಮ ಪಟೇಲರು ಕೋದಂಡರಾಮಪ್ಪನವರು ಬಂದು ಬಿಡಿಸದಿದ್ದರೆ ಅವನ ಗತಿ ಏನಾಗುತ್ತಿತ್ತೋ. ಪಟೇಲರು ಜಟಕಾವನ್ನೆಲ್ಲ ತಡಕಾಡಿಸಿದರು, ಏನೂ ಸಿಗಲಿಲ್ಲ. ಬೆಳಗ್ಗೆ ಪಂಚಾಯ್ತಿ ಸೇರುತ್ತೆ, ತೀರ್ಮಾನ ಆಗೋ ತನಕ ಇವನು ಜಾಗ ಬಿಟ್ಟು ಕದಲಬಾರದು, ತಪ್ಪು ಇವನದೇ ಅಂತಾದರೆ ಜಟಕಾ ಮತ್ತೆ ಈ ತೋಪಿನೊಳಕ್ಕೆ ಕಾಲಿಡಬಾರದು ಅಂದರು.

ಆದಿಲಕ್ಷ್ಮಮ್ಮ ಊರಿಗೆ ಹೊರಡಲು ಒಪ್ಪಲಿಲ್ಲ. ಸೀರೆ ಹೋಗಲಿ, ದೀಪ ಹೋಗಲಿ, ಮುಡುಪು ಕಳೆದುಕೊಂಡು ಮಗುವನ್ನು ಹೇಗೆ ಮನೆಗೆ ಕರೆದುಕೊಂಡು ಹೋಗಲಿ ಅಂತ ಅವಳ ಅಳಲು. ಪಟೇಲರ ಮನೆಯಲ್ಲೇ ಉಳಿದರು. ಬದ್ರುನ್ನೀಸಾ ನನ್ನ ಅಂಗಡಿಯ ಗೂಟ ಹಿಡಿದುಕೊಂಡು ನಿಂತಳು.

"ಅಕ್ಕಾ, ಇಲ್ಲಿಂದ ಕಳಿಸಿದ್ರೆ ನಾವು ಎಲ್ಲಿಗೆ ಹೋಗೋದು? ಕಳ್ಳ ಅಂತ ಹೆಸರು ಹೊತ್ಕೊಂಡು ಮುಳಬಾಗ್ಲಿಗೆ ಹೋದ್ರೆ ಅಲ್ಲಿ ಇವರ ಜಟಕಾಗೆ ಯಾರು ಹತ್ತುತಾರೆ?"

"ಕದ್ದಿಲ್ಲ ತಾನೇ? ಸುಮ್ನಿರು," ಅಂದೆ.

ಬೆಳಗ್ಗೆ ತೋಪಿನಲ್ಲಿ ಪೆದ್ದಪ್ಪನಿಂದ ಹಿಡಿದು ಊರ ಜನವೆಲ್ಲ ಸೇರುತ್ತಿದ್ದಂತೆ ಮೆಟ್ಟಿಲಿಳಿದು ಪೂಜಾರಿಗಳು ದುಡುದುಡು ಬಂದರು. ಅವರ ಕೈಯಲ್ಲಿ ಅರಿಸಿನದ ಗಂಟು. ಬಾಗಿಲು ತೆಗೆಯಲು ಹೋದಾಗ ಗುಡಿಯ ಹೊಸ್ತಿಲ ಮೇಲೆ ಇತ್ತಂತೆ. ಆದಿಲಕ್ಷ್ಮಮ್ಮ ನೋಡಿದ ಕೂಡಲೇ ಉಡಿದಾರ ಗುರುತು ಹಿಡಿದಳು. ಗಂಟು ಬಿಚ್ಚಿರಲಿಲ್ಲ, ಹಾಕಿದ ಹಾಗೇ ಇತ್ತು. ಅವಳು ಅದನ್ನು ಎದೆಗೊತ್ತಿಕೊಂಡು ಗೊಳೋ ಅಂತ ಅತ್ತಳು.

ಪಟೇಲರು ಮೀಸೆ ತಿರುವಿಕೊಂಡರು. ಬುದ್ಧಿವಂತರು, ಅದನ್ನು ಅಲ್ಲಗಳೆಯುವುದಿಲ್ಲ. ಮುಖ ಅರಳಿಸಿಕೊಂಡು ಎದ್ದರು.

"ಕೇಳ್ರಪ್ಪಾ. ಕದ್ದೋನು ಸೀರೆ ಬಿಡ್ಲಿಲ್ಲ, ದೀಪ ಬಿಡ್ಲಿಲ್ಲ. ಮುಡುಪು ಕಂಡ ಕೂಡ್ಲೆ ಅವನ ಕೈ ನಡುಗಿದೆ. ತಗೊಂಡು ಹೋಗಿ ಸ್ವಾಮಿ ಹೊಸ್ತಿಲ ಮೇಲೆ ಇಟ್ಟು ಬಂದವ್ನೆ. ಇದು ನಮ್ಮೋರ ಕೆಲ್ಸ. ಸಾಬಿ ಆಗಿದ್ರೆ ಗಂಟು ಬಿಚ್ಚಿ, ಕಾಸು ಜೇಬಿಗೆ ಹಾಕ್ಕೊಂಡು, ಬಟ್ಟೆನ ಬೇಲಿಗೆ ಎಸೀತಿದ್ದ. ಅವನಿಗೇನು ನಮ್ಮ ಸ್ವಾಮಿ ಭಯ? ಅದಕ್ಕೇ ಹೇಳ್ತೀನಿ, ಅಜ್ಮತುಲ್ಲಾ ಕದ್ದಿಲ್ಲ. ಅವನ ಪಾಡಿಗೆ ಅವನನ್ನ ಬಿಟ್ಬಿಡಿ."

ಜನ ಹೌದು ಹೌದು ಅಂದರು. ನಾನೂ ಉಸ್ಸಪ್ಪಾ ಅಂದೆ. ಬದ್ರುನ್ನೀಸಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಳು. ಹೇಗೋ ಉಳಿದೆವಲ್ಲ, ಇನ್ನು ಮಜ್ಜಿಗೆ ಕಡೆಯೋಣ ಅಂತ ನಾನು ಏಳುತ್ತಿದ್ದೆ.

ಅಜ್ಮತುಲ್ಲಾ ಮಾತ್ರ ನಿಂತ ಜಾಗದಿಂದ ಕದಲಲಿಲ್ಲ.

"ಪಟೇಲ್ರೇ, ಆ ಲೆಕ್ಕದಲ್ಲಿ ನನ್ನನ್ನ ಬಿಡಬ್ಯಾಡಿ," ಅಂದ.

"ಏನ್ಲಾ ಹಂಗಂದ್ರೆ?"

"ನಾನು ಕದ್ದಿಲ್ಲ. ಅದು ಖುದಾಗೆ ಗೊತ್ತು. ಆದ್ರೆ ಕದ್ದಿದ್ರೂ ಆ ಗಂಟು ಬಿಚ್ತಿರಲಿಲ್ಲ. ಬೀಬಿ ನಾಂಚಾರಿ ನಮ್ಮ ಮನೆ ಹೆಣ್ಣು, ಆ ಸ್ವಾಮಿಗೆ ಮದ್ವೆ ಮಾಡಿ ಕೊಟ್ಟಿದೀವಿ ಅಂತ ನಮ್ಮಮ್ಮ ಸಾಯೋ ತನಕ ಹೇಳ್ತಿದ್ಲು. ನಾನು ಚಿಕ್ಕೋನಿದ್ದಾಗ ಜ್ವರ ಬಂದ್ರೆ ಅವಳೂ ಅರಿಸಿನದ ಬಟ್ಟೆ ಕಟ್ಟಿದೋಳೇ. ಅಳಿಯನ ಮನೆ ಗಂಟಿಗೆ ಯಾರಾದ್ರೂ ಕೈ ಹಾಕ್ತಾರಾ? ಸಾಬಿ ಆಗಿದ್ರೆ ಬಿಚ್ತಿದ್ದ ಅಂತ ಹೇಳಿ ನನ್ನ ಉಳಿಸ್ತೀರಿ. ನಾಳೆ ನನ್ನ ಮಕ್ಕಳು ಇದೇ ತೋಪಲ್ಲಿ ಆ ಮಾತು ಹೊತ್ಕೊಂಡು ಓಡಾಡಬೇಕು. ಅದು ಬ್ಯಾಡ. ಬೇರೆ ಏನಾದ್ರೂ ನೋಡಿ ಬಿಡಿ, ಇಲ್ಲಾಂದ್ರೆ ಬಿಡಬ್ಯಾಡಿ."

ನನಗೆ ಒಂದು ಕಡೆ ಇವನಿಗೆ ತಲೆಗಿಲೆ ಕೆಟ್ಟಿದೆಯೇ ಅಂತ ಸಿಟ್ಟು. ಬಾಯಿಗೆ ಬಂದ ತುತ್ತು, ಕಣ್ಣು ಮುಚ್ಚಿ ನುಂಗುವುದು ಬಿಟ್ಟು ಉಪ್ಪು ಕಮ್ಮಿ ಅನ್ನುತ್ತಾನಲ್ಲ. ಇನ್ನೊಂದು ಕಡೆ ನಾಚಿಕೆಯಾಯಿತು. ಪಟೇಲರು ಅಂದ ಮಾತಿಗೆ ನಾನೂ ತಾನೇ ತಲೆಯಾಡಿಸಿದ್ದು? ಎರಡು ವರ್ಷ ನನ್ನ ಪಕ್ಕ ಕೂತು ಮಜ್ಜಿಗೆ ಕುಡಿದವನನ್ನು ಆ ಮಾತು ಎಲ್ಲಿ ಚುಚ್ಚಿತು ಅಂತ ನನಗೆ ಹೊಳೆದೇ ಇರಲಿಲ್ಲ.

ಪಟೇಲರಿಗೆ ಮುಖಭಂಗವಾದ ಹಾಗಾಯಿತು. "ನಿನ್ನ ಕುತ್ತಿಗೆಗೆ ನೀನೇ ಹಗ್ಗ ಹಾಕ್ಕೊಳ್ತೀನಿ ಅಂದ್ರೆ ನಾನೇನು ಮಾಡ್ಲಿ? ನೆತ್ತಿ ಮೇಲೆ ಸೂರ್ಯ ಬರೋದ್ರೊಳಗೆ ಕಳ್ಳ ಯಾರು ಅಂತ ತಿಳೀದಿದ್ರೆ ನಿನ್ನ ಜಟಕಾ ಆಚೆಗೆ," ಅಂದರು.

ಆಗ ಆದಿಲಕ್ಷ್ಮಮ್ಮ ಎದ್ದಳು. ಕಣ್ಣು ಊದಿತ್ತು, ಮಾತು ಗಟ್ಟಿಯಾಗಿತ್ತು.

"ನಾನು ಮೇಲೆ ಹೋಗಿ ಮುಡುಪು ಒಪ್ಪಿಸಿ ಬರ್ಬೇಕು. ನಮ್ಮ ಯಜಮಾನ್ರೂ ಬರ್ತಾರೆ. ಕಾರು ಇಲ್ಲೇ ಇರುತ್ತೆ, ಪರದೆ ಹರಿದಿದೆ." ಅಜ್ಮತುಲ್ಲಾನ ಕಡೆಗೆ ತಿರುಗಿದಳು. "ನೋಡ್ಕೊಳ್ತೀಯೇನಪ್ಪಾ?"

ವೆಂಕಟರಾಯಪ್ಪನವರು ಏನೋ ಹೇಳಲು ಬಾಯಿ ತೆರೆದವರು ಹೆಂಡತಿಯ ಮುಖ ನೋಡಿ ಮುಚ್ಚಿಕೊಂಡರು. ಅಜ್ಮತುಲ್ಲಾ ರುಮಾಲು ಸರಿಮಾಡಿಕೊಂಡು, "ನೋಡ್ಕೊಳ್ತೀನಮ್ಮಾ," ಅಂದ.

ಪಟೇಲರು, ಪೂಜಾರಿಗಳು, ನೋಡೋಣ ಅಂತ ಬಂದಿದ್ದವರು, ಎಲ್ಲರೂ ಅವಳ ಹಿಂದೆ ಮೆಟ್ಟಿಲು ಹತ್ತಿದರು. ಬದ್ರುನ್ನೀಸಾ ಮಕ್ಕಳನ್ನು ನೋಡಲು ಮನೆಗೆ ಓಡಿದಳು. ತೋಪಿನಲ್ಲಿ ಉಳಿದವರು ಅಜ್ಮತುಲ್ಲಾ, ಅವನ ಕುದುರೆ, ಗರಿಯ ಕೆಳಗೆ ನಾನು.

ನಾನು ಮಜ್ಜಿಗೆ ಕಡೆಯುತ್ತಿದ್ದೆ. ಲಂಟಾನ ಪೊದೆಯ ಕಡೆ ಸದ್ದಾಯಿತು. ತಲೆ ಎತ್ತಿದರೆ ಪೆದ್ದಪ್ಪ. ಹೆಗಲ ಮೇಲೆ ಬೆತ್ತದ ಪೆಟ್ಟಿಗೆ. ಅವನಿಗೆ ಗರಿಯ ಮರೆಯಲ್ಲಿ ನಾನು ಕಾಣಲಿಲ್ಲ, ಕಾರಿನ ಪಕ್ಕದಲ್ಲಿದ್ದ ಅಜ್ಮತುಲ್ಲಾ ಕಂಡ. ಕಂಡು ಹಾಗೇ ನಿಂತುಬಿಟ್ಟ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಪೆದ್ದಪ್ಪನ ಮುಖ ಬೂದಿಯಾಗಿತ್ತು. ಈಗ ಕೂಗುತ್ತಾನೆ, ಈಗ ಹಿಡಿಯುತ್ತಾನೆ ಅಂತ ನಾನು ಕಡೆಗೋಲು ಬಿಟ್ಟು ಎದ್ದೆ. ಅಜ್ಮತುಲ್ಲಾ ಬೆನ್ನು ತಿರುಗಿಸಿ ಕುದುರೆಯ ಮೈ ಉಜ್ಜತೊಡಗಿದ. ಪೆದ್ದಪ್ಪ ಪೆಟ್ಟಿಗೆಯನ್ನು ಕಾರಿನೊಳಗೆ ಇಟ್ಟು, ಬಂದ ದಾರಿಯಲ್ಲೇ ಹೋದ.

ಆಗ ನನಗೆ ಎಲ್ಲ ಒಂದಕ್ಕೊಂದು ಕೂಡಿಕೊಂಡಿತು. ಅಜ್ಮತುಲ್ಲಾನ ಬೆನ್ನ ಹಿಂದೆಯೇ ಯಾಕೆ ಕಳವಾಗುತ್ತಿತ್ತು, ಪೆದ್ದಪ್ಪ ತೋಪಿನಲ್ಲಿ ಯಾರಿಗೂ ಬೇಡವಾಗಿ ಕೂತು ಕೂತು ಏನು ಯೋಚಿಸಿದ ಅಂತ. ಮೈಯೆಲ್ಲ ಉರಿದುಹೋಯಿತು. ದಡದಡ ಅಜ್ಮತುಲ್ಲಾನ ಹತ್ತಿರ ಹೋದೆ.

"ನೋಡಿದ್ಯೋ ಇಲ್ವೋ?"

"ನೋಡ್ದೆ ಅಕ್ಕಾ."

"ಮತ್ತೆ ಹಿಡೀದೆ ಕುದುರೆ ಉಜ್ತಿದೀಯಾ? ಇಳಿದು ಬರ್ಲಿ ಪಟೇಲ್ರು, ನೀನು ಹೇಳದಿದ್ರೆ ನಾನು ಹೇಳ್ತೀನಿ."

ಅವನು ಕೈ ನಿಲ್ಲಿಸಿದ. "ನಿನ್ನೆ ಎಲ್ಲಾರೂ ನನ್ನ ಮುಖ ನೋಡಿದ್ರಲ್ಲ ಅಕ್ಕಾ, ಹಂಗೆ ಇನ್ನೊಬ್ಬನ ಮುಖ ನೋಡೋದನ್ನ ನಾನು ನೋಡಲಾರೆ. ಅವನು ತಾನಾಗೇ ತಂದಿಟ್ಟವ್ನೆ. ಗಂಟು ಕೂಡ ತಾನಾಗೇ ಹೊತ್ಕೊಂಡು ಹತ್ತವ್ನೆ. ನಿಂಗೆ ಕೈ ಮುಗೀತೀನಿ, ಸುಮ್ನಿರು."

"ನಿನ್ನ ಜಾಗ ಹೋಗುತ್ತಲ್ಲೋ."

ಅವನಿಗೂ ಅದೇ ಭಯ ಇತ್ತು, ಆದರೂ ಮತ್ತೆ ಕುದುರೆಯ ಮೈ ಉಜ್ಜತೊಡಗಿದ.

ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಎಲ್ಲರೂ ಇಳಿದು ಬಂದರು. ಆದಿಲಕ್ಷ್ಮಮ್ಮನ ಹಣೆಯ ತುಂಬ ಕುಂಕುಮ, ಮುಖದಲ್ಲಿ ಕಳೆ. ಕಾರಿನೊಳಗೆ ಪೆಟ್ಟಿಗೆ ಕಂಡು ನಿಂತಳು. ತೆರೆದು ನೋಡಿದರೆ ಸೀರೆ, ದೀಪ ಎಲ್ಲ ಇದ್ದ ಹಾಗೇ ಇವೆ. ಗುಜುಗುಜು ಶುರುವಾಯಿತು. ಆ ಗುಂಪಿನ ಹಿಂದೆ ಪೆದ್ದಪ್ಪನೂ ಬಂದು ನಿಂತಿದ್ದ.

"ಯಾರಪ್ಪಾ ತಂದಿಟ್ಟಿದ್ದು?" ಅಂತ ಅವಳು ಕೇಳಿದಳು.

"ಅಮ್ಮಾ, ಕಾರಿಂದ ಏನೂ ಹೋಗದ ಹಂಗೆ ನೋಡ್ಕೋ ಅಂದ್ರಿ. ಏನೂ ಹೋಗಿಲ್ಲ," ಅಂದ ಅಜ್ಮತುಲ್ಲಾ. "ಬಂದಿದ್ದನ್ನ ನಾನು ಯಾಕೆ ತಡೀಲಿ?"

ಪಟೇಲರು ಸಿಡಿದರು. "ಆಟ ಆಡ್ತೀಯೇನೋ? ಇಲ್ಲೇ ಕೂತಿದ್ದೋನು ನೀನು. ಒಂದೋ ಇಟ್ಟೋನು ಯಾರು ಅಂತ ಹೇಳು, ಇಲ್ಲ ಇಟ್ಟೋನು ನೀನೇ. ನೀನೇ ಅಂದ್ರೆ ಕದ್ದೋನೂ ನೀನೇ. ಹೆಸರು ಹೇಳ್ತೀಯೋ, ಗಾಡಿ ಕಟ್ತೀಯೋ?"

ನನ್ನ ನಾಲಿಗೆ ತುದಿಯಲ್ಲಿ ಆ ಹೆಸರು ಇತ್ತು. ಅಜ್ಮತುಲ್ಲಾ ಒಂದೇ ಸಲ ನನ್ನ ಕಡೆ ನೋಡಿದ. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತೆ. ದೇವರಾಣೆ, ಹೆರುವಾಗಲೂ ಅಷ್ಟು ಹಲ್ಲು ಕಚ್ಚಿರಲಿಲ್ಲ.

ಅವನು ಕುದುರೆಯನ್ನು ಕರೆದುಕೊಂಡು ಬಂದು ಜಟಕಾಗೆ ಕಟ್ಟತೊಡಗಿದ. ಪಟ್ಟಿ ಬಿಗಿದ, ಕೊರಳಿನ ಗೆಜ್ಜೆ ಸರಿಮಾಡಿದ, ಸೀಟಿನ ಕೆಳಗೆ ಹುಲ್ಲಿನ ಚೀಲ ಇಟ್ಟುಕೊಂಡ. ಆಗಷ್ಟೇ ವಾಪಸ್ಸು ಬಂದಿದ್ದ ಬದ್ರುನ್ನೀಸಾ ಏನಾಯಿತು ಅಂತ ಯಾರನ್ನೂ ಕೇಳಲಿಲ್ಲ. ಗಂಡ ಗಾಡಿ ಕಟ್ಟುವುದನ್ನು ನೋಡಿ ಅವಳಿಗೆ ತಿಳಿದುಹೋಯಿತು. ಆದಿಲಕ್ಷ್ಮಮ್ಮ ಪಟೇಲರಿಗೆ, "ನನ್ನ ಸಾಮಾನು ನಂಗೆ ಸಿಕ್ತಲ್ಲ, ಬಿಡಿ," ಅಂದಳು. "ಇದು ತೋಪಿನ ಕಟ್ಟುಪಾಡಮ್ಮಾ, ನಿಮ್ಮ ಪೆಟ್ಟಿಗೆ ಮಾತಲ್ಲ," ಅಂದರು ಅವರು.

ಅಜ್ಮತುಲ್ಲಾ ಹತ್ತಿ ಕೂತು ಲಗಾಮು ಎತ್ತಿದ. ಕುದುರೆ ಒಂದು ಹೆಜ್ಜೆ ಇಟ್ಟು ನಿಂತಿತು. ಎದುರಿಗೆ ಪೆದ್ದಪ್ಪ ಅದರ ಮೂಗಿನ ಪಟ್ಟಿ ಹಿಡಿದುಕೊಂಡಿದ್ದ.

"ಕುದುರೆ ಬಿಚ್ಚು ಅಜ್ಮತಣ್ಣಾ."

"ದಾರಿ ಬಿಡು ಪೆದ್ದಪ್ಪಾ."

"ಬಿಚ್ಚು ಅಂದೆ. ಹೋಗ್ಬೇಕಾದೋನು ನೀನಲ್ಲ."

ಅಷ್ಟು ಹೇಳಿ ಪಟೇಲರ ಕಡೆಗೆ ತಿರುಗಿ ತನ್ನ ಕಾವಲು ಕೋಲನ್ನು ಅವರ ಕಾಲ ಹತ್ತಿರ ನೆಲದ ಮೇಲೆ ಮಲಗಿಸಿದ. ಅವನ ಅಪ್ಪನ ಕಾಲದ ಕೋಲು ಅದು. "ಕಂಬಳಿ, ಬಿಂದಿಗೆ ನಮ್ಮ ಹುಲ್ಲುಮೆದೆಲಿ ಅವೆ. ಒಂದನ್ನೂ ಮಾರಿಲ್ಲ, ಮಾರೋಕೆ ಕದ್ದಿದ್ದೂ ಅಲ್ಲ. ಪೆದ್ದಪ್ಪಾ ನೋಡ್ಕೋ ಅಂತ ಯಾರಾದ್ರೂ ಮತ್ತೆ ಅನ್ಲಿ ಅಂತ ಇತ್ತು. ಅಷ್ಟೇ," ಅಂದ. ಅಷ್ಟು ದೊಡ್ಡ ಆಳು ಅಳುವುದನ್ನು ನಾನು ನೋಡಿರಲಿಲ್ಲ.

ಪಟೇಲರು ಕೋಲನ್ನು ನೋಡಿದರು, ಎತ್ತಿಕೊಳ್ಳಲಿಲ್ಲ. ನಮ್ಮೋರ ಕೆಲ್ಸ ಅಂತ ಬೆಳಗ್ಗೆ ಅವರೇ ಅಂದಿದ್ದು ನಿಜವಾಗಿತ್ತು, ಆದರೂ ಗೆದ್ದವರ ಹಾಗೆ ಕಾಣಲಿಲ್ಲ. ಯಾರೂ ಪೆದ್ದಪ್ಪನ ಮೈಮೇಲೆ ಬೀಳಲಿಲ್ಲ. ಹಿಂದಿನ ದಿನ ಬಿದ್ದವರೆಲ್ಲ ಅಲ್ಲೇ ಇದ್ದರು, ಒಬ್ಬೊಬ್ಬರೂ ನೆಲ ನೋಡುತ್ತಿದ್ದರು.

ಅಜ್ಮತುಲ್ಲಾ ಜಟಕಾದಿಂದ ಇಳಿದ. ಕುದುರೆಯ ಪಟ್ಟಿ ಬಿಚ್ಚಿದ, ಅವಸರವಿಲ್ಲದೆ. ಆಮೇಲೆ ಬಗ್ಗಿ ಕೋಲನ್ನು ಎತ್ತಿ ಮಣ್ಣು ಒರೆಸಿದ.

"ಪಟೇಲ್ರೇ, ಇದು ನಿಮ್ಮ ಊರು, ನಿಮ್ಮ ತೀರ್ಮಾನ," ಅಂದ. "ಆದ್ರೆ ಮುಂದಿನ ಶನಿವಾರಾನೂ ನನ್ನ ಕುದುರೆಗೆ ಬಾಯಾರಿಕೆ ಆಗುತ್ತೆ. ನಾನು ಕೆರೆಗೆ ಹೋದಾಗ ಗಾಡಿ ನೋಡ್ಕೊಳೋರು ಯಾರಾದ್ರೂ ಬೇಕಲ್ಲ."

ಅವನು ಕೋಲನ್ನು ಪೆದ್ದಪ್ಪನ ಮುಂದೆ ಹಿಡಿದ.

"ಪೆದ್ದಪ್ಪಾ, ಒಂಚೂರು ನೋಡ್ಕೊಳಪ್ಪಾ."

ಪೆದ್ದಪ್ಪ ಎರಡೂ ಕೈ ಚಾಚಿ ಅದನ್ನು ಇಸಿದುಕೊಂಡ. ಪಟೇಲರು ಬೇಡ ಅನ್ನಲಿಲ್ಲ. ನಾನು ಗರಿಯ ಕೆಳಕ್ಕೆ ಹೋಗಿ ಅಜ್ಮತುಲ್ಲಾಗೆ ಒಂದು ಕುಡಿಕೆ ಮಜ್ಜಿಗೆ ತಂದುಕೊಟ್ಟೆ. ಪೆದ್ದಪ್ಪನಿಗೂ ಒಂದು ತಂದೆ. ಅವನ ಮುಂದೆ ಕುಕ್ಕಿದೆ ಅನ್ನಿ, ಆದರೂ ತಂದೆ.